ಸುತ್ತಿಗೆ ಮತ್ತು ಹದಿನೈದಿಂಚಿನ ಚಕ್ರ

೧೯೯೧ನೆಯ ಇಸವಿ ಮಾರ್ಚ್ ಹದಿನಾಲ್ಕನೆಯ ತಾರೀಖು, ಗುರುವಾರ. ಚಳಿಗಾಲ ಹೊರಟು ನಿಂತಿತ್ತು, ಹೊಸ್ತಿಲು ಮಾತ್ರ ಇನ್ನೂ ದಾಟಿರಲಿಲ್ಲ. ಬೆಳಗಿನಿಂದ ಬೀಸುತ್ತಿದ್ದ ಒಣಗಾಳಿ ಇಳಿಜಾರು ಬೀದಿಯ ಧೂಳನ್ನೆಲ್ಲ ಮೇಲಕ್ಕೆ ಹೊತ್ತು ತಂದು ವರ್ಕ್‌ಶಾಪಿನ ಬಾಗಿಲಲ್ಲಿ ಸುರಿಯುತ್ತಿತ್ತು. ಹತ್ತೂವರೆಯ ಹೊತ್ತಿಗೆ ಅದೇ ಬಾಗಿಲಿನಿಂದ ಒಂದು ಸುತ್ತಿಗೆ ಹಾರಿ ಹೊರಬಂದಿತು. ಅದು ಒಬ್ಬ ಮನುಷ್ಯನ ಕಿವಿಯನ್ನು ಸವರಿಕೊಂಡು ಹೋಗಿ, ರಿಪೇರಿಗೆ ಬಂದು ನಿಂತಿದ್ದ ವ್ಯಾನಿನ ಮುಂಗಾಜನ್ನು ನುಚ್ಚುನೂರು ಮಾಡಿ, ಬೀದಿಯ ನಡುವೆ ಬಿದ್ದು ಎರಡು ಪಲ್ಟಿ ಹೊಡೆಯಿತು.

ಎಸೆದವನನ್ನು ಜನ ಕರೆಯುತ್ತಿದ್ದದ್ದೂ ಸುತ್ತಿಗೆ ಎಂದೇ. ತಂದೆತಾಯಿ ಇಟ್ಟ ಹೆಸರೊಂದು ಕಾಗದಪತ್ರಗಳಲ್ಲಿ ಉಳಿದಿತ್ತು, ಬಾಯಲ್ಲಿ ಉಳಿದಿರಲಿಲ್ಲ. ಟೈರು, ಚಕ್ರಗಳ ಕೆಲಸ ಅವನದು. ೧೯೪೬ರ ಸೆಪ್ಟೆಂಬರ್ ಒಂಬತ್ತರಂದು ಹುಟ್ಟಿದವನಿಗೆ ಆಗ ನಲವತ್ತನಾಲ್ಕು ತುಂಬಿತ್ತು. ತಾಯಿ ತೀರಿಕೊಂಡ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಏಳು ವರ್ಷ ಹಿರಿಯಳಾದ ಅಕ್ಕ. ಸುತ್ತಿಗೆಯಿಂದ ಕಿವಿ ಉಳಿಸಿಕೊಂಡವನು ಆ ಅಕ್ಕನ ಗಂಡ, ಅಂದರೆ ಭಾವ. ಗಾಡಿಗಳ ಮೈ ತಟ್ಟಿ ನೇರ ಮಾಡುವುದು, ಬಣ್ಣ ಬಳಿಯುವುದು, ಲೋಹಕ್ಕೆ ಮೆರುಗು ಕೊಡುವುದು ಭಾವನ ಕಸುಬು. ತಗಡನ್ನು ಮುಖ ಕಾಣುವವರೆಗೆ ಉಜ್ಜದೆ ಬಿಡುತ್ತಿರಲಿಲ್ಲವಾದ್ದರಿಂದ ಅವನಿಗೆ ಕನ್ನಡಿ ಎಂಬ ಹೆಸರು ಬಿದ್ದಿತ್ತು. ಒಂದೇ ಸೂರಿನ ಕೆಳಗೆ ಸುತ್ತಿಗೆಯೂ ಕನ್ನಡಿಯೂ ಇದ್ದರೆ ಏನಾದೀತು ಎಂದು ಬೀದಿಯವರು ನಗುತ್ತಿದ್ದರು. ೧೯೮೩ರಲ್ಲಿ ಕನ್ನಡಿಯ ಎರಡು ಹಲ್ಲು ಹೋದ ಮೇಲೆ ನಗು ಸ್ವಲ್ಪ ಕಡಿಮೆಯಾಯಿತು.

ಅಂದಿನ ಜಗಳದ ಮೂಲ ಅಕ್ಕನ ಕಾರು. ೧೯೬೧ರ ಮಾದರಿ, ಹಾಲಿನ ಕೆನೆಯ ಬಣ್ಣ, ದುಂಡು ಬೆನ್ನು. ಅದನ್ನು ಮದುವೆಗಳಿಗೆ ಬಾಡಿಗೆಗೆ ಕೊಟ್ಟು, ಸ್ಟೀರಿಂಗ್ ಹಿಂದೆ ಅಕ್ಕ ತಾನೇ ಕೂತು, ವಧೂವರರನ್ನು ಕರೆದೊಯ್ದು ತರುತ್ತಿದ್ದಳು. ಫೆಬ್ರವರಿಯಲ್ಲಿ ಗುಡ್ಡದ ರಸ್ತೆ ಇಳಿಯುವಾಗ ಹಳೆಯ ಡ್ರಮ್ ಬ್ರೇಕು ಕಾದು ಕೆಂಡವಾಗಿ, ಪೆಡಲು ನೆಲ ಮುಟ್ಟಿತು. ಅಕ್ಕ ಗಾಡಿಯನ್ನು ತಡೆಗೋಡೆಗೆ ಒರೆಸಿಕೊಂಡು, ಕಲ್ಲಿನಿಂದ ಕಿಡಿ ಹಾರಿಸುತ್ತ, ಕೊನೆಗೆ ಪ್ರಪಾತದ ತಿರುವಿಗೆ ಒಂದು ಮಾರು ಈಚೆ ನಿಲ್ಲಿಸಿದ್ದಳು. ಹಿಂದಿನ ಸೀಟಿನಲ್ಲಿ ಮದುಮಗ ಮೂರ್ಛೆ ಹೋಗಿದ್ದ; ಮದುಮಗಳು ಅವನ ಕೆನ್ನೆಗೆ ಹೊಡೆದು ಎಬ್ಬಿಸಿದಳಂತೆ. ಮನೆಗೆ ಬಂದ ಅಕ್ಕ, ಡಿಸ್ಕ್ ಬ್ರೇಕ್ ಹಾಕಿಸದೆ ಇನ್ನು ಈ ಗಾಡಿಯಲ್ಲಿ ಬಾಡಿಗೆಗೆ ಹೋಗುವುದಿಲ್ಲ ಎಂದಳು.

ಡಿಸ್ಕು ಬಂದಿತು, ಮುಂದಿನ ಎರಡು ಚಕ್ರಗಳ ಜಾಗದಲ್ಲಿ ಅಚ್ಚುಕಟ್ಟಾಗಿ ಜೋಡಣೆಯೂ ಆಯಿತು. ಆದರೆ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಕ್ಯಾಲಿಪರ್ ಎಂಬ ಇಕ್ಕಳವಿದೆಯಲ್ಲ, ಅದು ಹಳೆಯ ಡ್ರಮ್ಮಿಗಿಂತ ಎತ್ತರ. ಹದಿನಾಲ್ಕು ಇಂಚಿನ ಹಳೆಯ ರಿಮ್ಮಿನ ಹೊಟ್ಟೆಯೊಳಗೆ ಅದಕ್ಕೆ ಜಾಗವಿರಲಿಲ್ಲ. ಚಕ್ರ ಹಾಕಿದರೆ ಲೋಹಕ್ಕೆ ಲೋಹ ಹಲ್ಲು ಕಚ್ಚಿ ನಿಂತುಬಿಟ್ಟಿತು.

"ಚಕ್ರ ದೊಡ್ಡದಾಗಬೇಕು ಭಾವ. ಹದಿನೈದು ಇಂಚಿಂದು."

"ದೊಡ್ಡದಾದ್ರೆ ಚಕ್ರದ ಮುಚ್ಚಳ, ನನ್ನ ವೀಲ್ ಕಪ್, ಎಲ್ಲಿ ಕೂರತ್ತೆ? ಮೂರು ವಾರ ಉಜ್ಜಿದ್ದೀನಿ ಕಣೋ. ಮದುಮಗಳು ಅದ್ರಲ್ಲೇ ಮುಖ ನೋಡ್ಕೊಂಡು ಪೌಡರ್ ಹಚ್ಕೋಬಹುದು."

"ವೀಲ್ ಕಪ್ ಬಂದು ಗಾಡಿ ನಿಲ್ಸತ್ತಾ?"

"ನಿನ್ನ ಬ್ರೇಕು ಮದುವೆ ಫೋಟೋದಲ್ಲಿ ಬೀಳತ್ತಾ?"

ಸುತ್ತಿಗೆ ಹಾರಿದ್ದು ಈ ಮಾತಿಗೆ.

ಒಳಗೆ ಸೀಟಿನ ಹೊಲಿಗೆ ಹಾಕುತ್ತಿದ್ದ ಅಕ್ಕ ಕೈಯಲ್ಲಿ ದಬ್ಬಣ ಹಿಡಿದೇ ಹೊರಬಂದಳು. ಒಡೆದ ಗಾಜನ್ನು ನೋಡಿದಳು, ಗಂಡನ ಕೆಂಪಾದ ಕಿವಿಯನ್ನು ನೋಡಿದಳು. ದನಿಯೇರಿಸಲಿಲ್ಲ.

"ಲೋ, ಇಲ್ಲಿ ಕೇಳು. ಇನ್ನೊಂದು ಸಲ ಇವರ ಮೇಲೆ ಕೈ ಮಾಡಿದ್ಯೋ, ಅವತ್ತಿಂದ ನನ್ನನ್ನ ಅಕ್ಕ ಅನ್ನಬೇಡ. ನಾನು ಓಗೊಡಲ್ಲ."

"ಅಕ್ಕಾ, ಅದು ತಾಗಲಿಲ್ವಲ್ಲ."

"ತಾಗಿದ್ರೆ ಹೇಳೋಕೆ ನಾನು ಕಾಯಬೇಕಿತ್ತಾ?"

ಯಾರಿಗೂ ತಲೆಬಾಗದ ಸುತ್ತಿಗೆ ಬೀದಿಗೆ ಹೋಗಿ ಸುತ್ತಿಗೆಯನ್ನು ಎತ್ತಿಕೊಂಡು, ಧೂಳೊರೆಸಿ, ತಲೆ ತಗ್ಗಿಸಿ ಒಳಗೆ ಬಂದನು. ಅವನ ಪ್ರಪಂಚದಲ್ಲಿ ಅವನನ್ನು ಏಕವಚನದಲ್ಲಿ ಗದರಿಸಿ, ಆಮೇಲೆ ಊಟಕ್ಕೆ ಕರೆಯುವ ಜೀವ ಅದೊಂದೇ. ಆ ಎರಡಕ್ಷರವನ್ನು ಕಳೆದುಕೊಂಡು ಬದುಕುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ.

ಅವನಿಗೆ ಆ ಹೆಸರು ಬಂದದ್ದು ಕೋಪದಿಂದ ಎಂದು ತಿಳಿದವರೇ ಹೆಚ್ಚು. ಅದು ತಪ್ಪು. ೧೯೬೬ರ ಆಗಸ್ಟ್ ಎರಡು, ಮಂಗಳವಾರದಂದು, ಅವನು ಕೆಲಸ ಕಲಿತ ಟೈರಂಗಡಿಯಲ್ಲಿ ಒಂದು ಲಾರಿ ಚಕ್ರಕ್ಕೆ ಗಾಳಿ ತುಂಬುತ್ತಿದ್ದರು. ಆ ಬಗೆಯ ಚಕ್ರದಲ್ಲಿ ಟೈರನ್ನು ಹಿಡಿದಿಡುವುದು ಒಂದು ಉಕ್ಕಿನ ಉಂಗುರ. ಅದು ತನ್ನ ಕಚ್ಚಿನಲ್ಲಿ ಪೂರ್ತಿ ಇಳಿದಿದೆಯೋ ಇಲ್ಲವೋ ಎಂದು ಸುತ್ತಲೂ ಸುತ್ತಿಗೆಯಿಂದ ತಟ್ಟಿ, ನಾದ ಕೇಳಿ ತಿಳಿಯಬೇಕು. ತಿಳಿದ ಮೇಲೆ "ಕೂತಿತು" ಎಂದು ಕೂಗಬೇಕು. ಮೇಸ್ತ್ರಿ "ಕೂತಿತಾ?" ಎಂದು ಕೇಳಿದನು. ಊಟದ ಆತುರದಲ್ಲಿದ್ದ ಒಬ್ಬ ಕೆಲಸಗಾರ ತಟ್ಟದೆಯೇ "ಕೂತಿತು" ಎಂದನು. ಉಂಗುರ ತೋಪಿನ ಗುಂಡಿನಂತೆ ಸಿಡಿಯಿತು. ಮೇಸ್ತ್ರಿಯ ಗದ್ದದಿಂದ ಹಣೆಯವರೆಗೆ ಮುಖವೆಂಬುದು ಉಳಿಯಲಿಲ್ಲ. ಉಂಗುರ ಹೋಗಿ ತೊಲೆಯಲ್ಲಿ ನಾಟಿಕೊಂಡು ಇನ್ನೂ ಗುಂಯ್‌ಗುಡುತ್ತಿತ್ತು. ಮೇಸ್ತ್ರಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತವನು ಸುತ್ತಿಗೆ. ಅಂದಿನಿಂದ ತಟ್ಟಿ ನೋಡದೆ ಅವನು ಯಾವ ಚಕ್ರಕ್ಕೂ ಆ ಮಾತು ಆಡಲಿಲ್ಲ. ಬೇರೆಯವರು ಆಡಿದರೆ, ತಟ್ಟಿಯೇ ಆಡಿದ್ದಾರೆಂದು ನಂಬುತ್ತಿದ್ದನು. ಅದು ಅವನ ಪಾಲಿಗೆ ಆಣೆಯಾಗಿತ್ತು.

ಕನ್ನಡಿಯೂ ದಿನಕ್ಕೆ ಹತ್ತು ಸಲ ಅದೇ ಮಾತನ್ನು ಆಡುತ್ತಿದ್ದನು. ಬಾಗಿಲ ಸಂದು ಸಮವಾಗಿ ಕಂಡರೆ "ಕೂತಿತು". ಬಂಪರು ಬೀದಿಯಿಂದ ನೋಡಿದರೆ ನೇರವಾಗಿದ್ದರೆ "ಕೂತಿತು". ಅವನ ಕಸುಬಿನಲ್ಲಿ ಕಣ್ಣಿಗೆ ಒಪ್ಪಿದ್ದೆಲ್ಲ ಕೂತಂತೆಯೇ. ಇಬ್ಬರೂ ಹದಿನೇಳು ವರ್ಷ ಪಕ್ಕಪಕ್ಕದಲ್ಲಿ ದುಡಿದರೂ ಈ ವ್ಯತ್ಯಾಸ ಯಾರ ಗಮನಕ್ಕೂ ಬಂದಿರಲಿಲ್ಲ.

ಶುಕ್ರವಾರ ಸುತ್ತಿಗೆ ಪಕ್ಕದ ಟ್ಯಾಕ್ಸಿಯವನಿಂದ ಹದಿನೈದಿಂಚಿನ ಒಂದು ಚಕ್ರ ಎರವಲು ತಂದನು. ಬೋಲ್ಟಿನ ತೂತು ಐದಕ್ಕೆ ಐದೂ ಹೊಂದಿದವು. ಕ್ಯಾಲಿಪರಿನ ಬೆನ್ನಿಗೆ ಮೆತ್ತನೆಯ ಪುಟ್ಟಿ ಮೆತ್ತಿ, ಚಕ್ರ ತೊಡಿಸಿ, ನಟ್ಟು ಬಿಗಿದು, ಕೈಯಿಂದ ಒಂದು ಸುತ್ತು ತಿರುಗಿಸಿ, ಮತ್ತೆ ಬಿಚ್ಚಿದನು. ಪುಟ್ಟಿ ಎಲ್ಲಿ ತೀರ ತೆಳ್ಳಗಾಗಿತ್ತೋ ಅಲ್ಲಿ ಅಳೆದರೆ ಸಂದು ನಾಲ್ಕು ಮಿಲಿಮೀಟರ್. ಮೂರಿದ್ದರೆ ಸಾಕಿತ್ತು. ಆಮೇಲೆ ಜಾಕು ಇಳಿಸಿ, ಗಾಡಿಯ ಭಾರವನ್ನು ಚಕ್ರದ ಮೇಲೆ ಬಿಟ್ಟು, ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದನು. ಟ್ಯಾಕ್ಸಿಯ ಅಗಲ ಟೈರು ಮಡ್‌ಗಾರ್ಡಿನ ಅಂಚಿಗೆ ಕೆರೆಯಿತು. ಹಳೆಯ ಟೈರಿನ ಎತ್ತರಕ್ಕೂ ಹೊಸದರ ಎತ್ತರಕ್ಕೂ ವ್ಯತ್ಯಾಸ ಬಂದರೆ ಸ್ಪೀಡೋಮೀಟರು ಸುಳ್ಳು ಹೇಳುತ್ತದೆ. ಲೆಕ್ಕ ಹಾಕಿ ನೋಡಿದರೆ ನೂರ ತೊಂಬತ್ತೈದು ಮಿಲಿಮೀಟರ್ ಅಗಲದ, ಅದರ ನೂರಕ್ಕೆ ಅರವತ್ತೈದರಷ್ಟು ಎತ್ತರದ ಟೈರು ಎರಡಕ್ಕೂ ಒಪ್ಪುತ್ತಿತ್ತು: ಅಂಚಿಗೆ ತಾಗದು, ಎತ್ತರವೂ ಹಳೆಯದರಷ್ಟೇ. ಕನ್ನಡಿ ಇದನ್ನೆಲ್ಲ ದೂರದಿಂದ ನೋಡುತ್ತ, ತನ್ನ ವೀಲ್ ಕಪ್ಪುಗಳನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟನು.

ಮಾರ್ಚ್ ಹತ್ತೊಂಬತ್ತು, ಮಂಗಳವಾರ, ಸುತ್ತಿಗೆ ಚಕ್ರ ತರಲು ದೊಡ್ಡ ಪಟ್ಟಣದ ಉಗ್ರಾಣಕ್ಕೆ ಹೋದನು. ಅಲ್ಲಿಯ ಗುಮಾಸ್ತ ತಂದು ಉರುಳಿಸಿದ ರಿಮ್ಮುಗಳ ನಡುತೂತು ಒಂದು ಕೂದಲೆಳೆ ಕಿರಿದು.

"ನಾಲ್ಕೇಟು ಹೊಡೆದ್ರೆ ಹೋಗತ್ತೆ ತಗೊಳ್ಳಿ ಯಜಮಾನ್ರೇ."

"ಯಾರಿಗೆ ಹೊಡೆದ್ರೆ?"

ಗುಮಾಸ್ತ ನಕ್ಕನು. ಮರುಕ್ಷಣ ಅವನ ಕುತ್ತಿಗೆಪಟ್ಟಿ ಸುತ್ತಿಗೆಯ ಮುಷ್ಟಿಯಲ್ಲಿತ್ತು, ಬೆನ್ನು ಕಬ್ಬಿಣದ ಅಟ್ಟಣೆಗೆ ಅಪ್ಪಳಿಸಿತ್ತು. ಅಟ್ಟಣೆ ವಾಲಿ, ನಲವತ್ತು ಟೈರುಗಳು ಧಬಧಬನೆ ಇಬ್ಬರ ಮೇಲೂ ಬಿದ್ದವು. ಅವುಗಳ ಅಡಿಯಿಂದ ಸುತ್ತಿಗೆಯನ್ನು ಎಳೆದು ತೆಗೆದದ್ದು ಮೂವರು ಹಮಾಲರು. ಎಳೆದ ಶ್ರಮಕ್ಕೆ ಪ್ರತಿಫಲವೆಂಬಂತೆ ಅವನ ಪಕ್ಕೆಗೆ ಚೆನ್ನಾಗಿ ಒದ್ದು, ಮೂಗು ಒಡೆದರು. ಉಗ್ರಾಣದ ಯಜಮಾನ ಬಂದು ರಿಮ್ಮನ್ನು ಅಳೆದು ನೋಡಿ, ಗುಮಾಸ್ತನಿಗೇ ಬೈದು, ಸರಿಯಾದ ಮಾಲು ನಾಳೆ ಮಧ್ಯಾಹ್ನ ಬರುತ್ತದೆ ಎಂದನು. ಸುತ್ತಿಗೆ ಮೂಗಿಗೆ ಚಿಂದಿ ತುರುಕಿಕೊಂಡು, ಅಲ್ಲಿಂದಲೇ ವರ್ಕ್‌ಶಾಪಿಗೆ ಫೋನು ಮಾಡಿದನು.

"ಭಾವ, ನಾಳೆ ಸಂಜೆ ಆಗತ್ತೆ."

"ಯಾಕೋ, ನೆಗಡಿನಾ? ದನಿ ಏನೋ ಆಗಿದೆ."

"ಹ್ಞೂಂ, ನೆಗಡಿ."

"ನಾಡಿದ್ದು ಬೆಳಿಗ್ಗೆ ಮದುವೆ ಬಾಡಿಗೆ ಇದೆಯಲ್ಲೋ. ಇರಲಿ ಬಿಡು, ನಾನೇ ದಾರಿ ಕಂಡುಕೊಂಡೆ. ಹಳೇ ಚಕ್ರದ ಹಿಂದೆ ಒಂದೊಂದು ಕಬ್ಬಿಣದ ಬಿಲ್ಲೆ ಕೊಟ್ಟೆ. ಚಕ್ರ ಹೊರಗೆ ಬಂತು, ಕ್ಯಾಲಿಪರ್ ಒಳಗೇ ಉಳೀತು. ವೀಲ್ ಕಪ್ಪೂ ಹಾಕಿದೆ."

ಸುತ್ತಿಗೆಯ ಪಕ್ಕೆ ಉಸಿರಿಗೊಮ್ಮೆ ಇರಿಯುತ್ತಿತ್ತು. ಹಿಂದೆ ಗುಮಾಸ್ತ ಇನ್ನೂ ಬೊಬ್ಬೆ ಹೊಡೆಯುತ್ತಿದ್ದನು.

"ಕೂತಿತಾ ಭಾವ?"

"ಕೂತಿತು ಕಣೋ. ಬೆಣ್ಣೆ ಹಾಗೆ ಕೂತಿತು."

ಆ ಮಾತು ಬಿದ್ದ ಮೇಲೆ ಸುತ್ತಿಗೆ ಬೇರೇನನ್ನೂ ಕೇಳಲಿಲ್ಲ. "ಹಾಗಾದ್ರೆ ಅಕ್ಕನಿಗೆ ಒಂದು ಸಲ ಓಡಿಸಿ ನೋಡೋಕೆ ಹೇಳಿ," ಎಂದು ಫೋನಿಟ್ಟನು.

ಬುಧವಾರ ಮೋಡ ಕವಿದಿತ್ತು, ಗಾಳಿ ಬಿದ್ದುಹೋಗಿತ್ತು. ಮಧ್ಯಾಹ್ನ ಮೂರು ಗಂಟೆಗೆ ಅಕ್ಕ ಒಬ್ಬಳೇ ಕಾರನ್ನು ಇಳಿಜಾರಿಗೆ ಬಿಟ್ಟಳು. ಚಕ್ರದಿಂದ ಕಿರ್ರೆಂಬ ಸಣ್ಣ ಸದ್ದು ಬರುತ್ತಿತ್ತೆಂದು ಮೂಲೆಯ ಚಪ್ಪಲಿ ರಿಪೇರಿಯವನು ಆಮೇಲೆ ಹೇಳಿದನು. ಕೆಳಗಡೆ ಹಿಟ್ಟಿನ ಗಿರಣಿಯ ತಿರುವಿನಲ್ಲಿ ಅವಳು ಬ್ರೇಕು ಒತ್ತಿದಳು. ಹೊಸ ಡಿಸ್ಕು ತನ್ನ ಕೆಲಸವನ್ನು ತಾನು ಮಾಡಿತು. ಗಾಡಿಯ ಭಾರವೆಲ್ಲ ಮುಂದಕ್ಕೆ ನುಗ್ಗಿ ಬಲಗಡೆಯ ಚಕ್ರ ಬಳುಕಿತು. ಕೂದಲೆಳೆಯ ಸಂದಿನಲ್ಲಿದ್ದ ಕ್ಯಾಲಿಪರು ರಿಮ್ಮಿನ ಒಳಮೈಗೆ ಹಲ್ಲು ಹಾಕಿತು. ಹಿಂದಿಟ್ಟ ಬಿಲ್ಲೆ ಬೋಲ್ಟಿನ ಉದ್ದವನ್ನು ನುಂಗಿದ್ದರಿಂದ ನಟ್ಟುಗಳು ಬರೀ ಮೂರು ಸುತ್ತಿನ ಹಿಡಿತದಲ್ಲಿ ಜೋತುಬಿದ್ದಿದ್ದವು. ಐದೂ ಒಟ್ಟಿಗೆ ಕಿತ್ತವು. ಕಳಚಿಕೊಂಡ ಚಕ್ರ ಚಪ್ಪಲಿಯವನ ಪೆಟ್ಟಿಗೆಯನ್ನು ಪುಡಿ ಮಾಡಿ ಚರಂಡಿಗೆ ಬಿದ್ದಿತು. ಕಾರು ಮೂತಿಯಿಂದ ನೆಲವನ್ನು ಉಳುತ್ತ ಹೋಗಿ ಗಿರಣಿಯ ಗೋಡೆಗೆ ಗುದ್ದಿತು. ಮುಂಗಾಜು ಅಕ್ಕನ ಮಡಿಲಿಗೆ ಸುರಿಯಿತು. ಸ್ಟೀರಿಂಗಿಗೆ ಬಡಿದು ಎಡಭುಜದ ಕೊರಳೆಲುಬು ಲಟಕ್ಕೆಂದಿತು. ಹಣೆ ಹುಬ್ಬಿನಿಂದ ಕೂದಲವರೆಗೆ ಸೀಳಿಕೊಂಡಿತು.

ಸುತ್ತಿಗೆ ಐದು ಗಂಟೆಗೆ ಸರಕಿನ ಲಾರಿಯಿಂದ ನಾಲ್ಕು ಹೊಸ ಚಕ್ರಗಳೊಂದಿಗೆ ಇಳಿದನು. ಗೋಡೆಗೆ ಮುಖ ಹುದುಗಿಸಿ ನಿಂತ ಕೆನೆಬಣ್ಣದ ಬೆನ್ನು ಕಂಡಿತು. "ಜೀವ ಇದೆ, ಆಸ್ಪತ್ರೆಗೆ ಕೊಂಡೊಯ್ದರು," ಎಂದು ಚಪ್ಪಲಿಯವನು ಕೂಗಿ ಹೇಳಿದನು. ಸುತ್ತಿಗೆ ಚರಂಡಿಯಿಂದ ಹಳೆಯ ಚಕ್ರವನ್ನು ಎತ್ತಿ ತಿರುವಿ ನೋಡಿದನು. ಒಳಮೈಯಲ್ಲಿ ಉಳಿಯಿಂದ ಕೆತ್ತಿದಂತೆ ಹೊಳೆಯುವ ಗೀರು. ಹೊರಮೈಯಲ್ಲಿ ವೀಲ್ ಕಪ್ಪು ಇನ್ನೂ ಕಳಚಿರಲಿಲ್ಲ. ಅದರಲ್ಲಿ ಅವನ ಒಡೆದ ಮೂಗು ಸ್ಪಷ್ಟವಾಗಿ ಕಂಡಿತು. ಆ ಚಕ್ರವನ್ನು ಹೆಗಲಿಗೇರಿಸಿಕೊಂಡು ಏರು ಹತ್ತಿದನು. ಬೀದಿಯವರು ಬಾಗಿಲು ಹಾಕಿಕೊಂಡರು.

ಕನ್ನಡಿ ಹೆಂಡತಿಯ ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದನು. ಬಾಗಿಲಲ್ಲಿ ನಿಂತವನನ್ನು ನೋಡಿ "ಬಾರೋ, ಅವಳು—" ಎನ್ನುವಷ್ಟರಲ್ಲಿ ಚಕ್ರ ಬಂದು ಎದೆಗೆ ಬಡಿಯಿತು. ಅವನು ಬಣ್ಣದ ಡಬ್ಬಿಗಳ ಮೇಲೆ ಮಗುಚಿಬಿದ್ದನು. ಸುತ್ತಿಗೆ ಅವನನ್ನು ಕಾಲು ಹಿಡಿದು ಎಳೆದು ತಂದು, ಎದೆಯ ಮೇಲೆ ಮೊಣಕಾಲೂರಿ, ಮುಖಕ್ಕೆ ಗುದ್ದಿದನು, ಮತ್ತೆ ಗುದ್ದಿದನು. ಕನ್ನಡಿಯೇನೂ ಸುಮ್ಮನೆ ಹೊಡೆಸಿಕೊಳ್ಳುವ ಆಳಲ್ಲ. ಕೈಗೆ ಸಿಕ್ಕ ಅರದಿಂದ ಸುತ್ತಿಗೆಯ ಕೆನ್ನೆಯನ್ನು ಕೆರೆದು ಹಾಕಿದನು. ಹಮಾಲರು ಒದ್ದ ಪಕ್ಕೆಯನ್ನೇ ಹುಡುಕಿ ಒದ್ದನು. ಇಬ್ಬರೂ ಕೆನೆಬಣ್ಣದಲ್ಲೂ ನೆತ್ತರಲ್ಲೂ ಉರುಳಾಡಿ ಯಾರು ಯಾರೆಂಬುದೇ ತಿಳಿಯದಂತಾದರು.

ಕೊನೆಗೆ ಸುತ್ತಿಗೆ ಅವನ ಬಲಗೈಯನ್ನು ತಗಡು ತಟ್ಟುವ ಕಬ್ಬಿಣದ ಅಡಿಗಲ್ಲಿನ ಮೇಲೆ ಒತ್ತಿ ಹಿಡಿದನು. ಇನ್ನೊಂದು ಕೈಯಲ್ಲಿ ಸುತ್ತಿಗೆ ಎದ್ದಿತು.

"ಕೂತಿತು ಅಂದ್ರಲ್ಲ! ಬಾಯಿಬಿಟ್ಟು ಹೇಳಿದ್ರಲ್ಲ!"

"ಕೂತಿತ್ತು ಕಣೋ!" ಕನ್ನಡಿ ನೆತ್ತರು ಉಗುಳುತ್ತ ಕಿರುಚಿದನು. "ನೀನು ಕೇಳಿದ್ದು ಕೂತಿತಾ ಅಂತ. ಬೀದಿಗೆ ಹೋಗಿ ನಿಂತು ನೋಡಿದೆ, ಕೂತಿತ್ತು! ತಿರುಗಿತಾ ಅಂತ ಯಾವಾಗ ಕೇಳಿದೆ?"

ಮಾತು ಕಿವಿಗೆ ಬಿದ್ದಿತು, ಅರ್ಥವೂ ಆಯಿತು. ಆದರೆ ಎರಡು ಪೌಂಡಿನ ಉಕ್ಕು ಅಷ್ಟರಲ್ಲಿ ಇಳಿಯತೊಡಗಿತ್ತು. ಸುತ್ತಿಗೆ ಮಣಿಕಟ್ಟನ್ನು ತಿರುಚಿ ತಡೆಯಲು ನೋಡಿದನು, ಪೂರ್ತಿ ತಡೆಯಲಾಗಲಿಲ್ಲ. ಕನ್ನಡಿಯ ಉಂಗುರದ ಬೆರಳೂ ಕಿರುಬೆರಳೂ ಅಡಿಗಲ್ಲಿನ ಮೇಲೆ ನಜ್ಜುಗುಜ್ಜಾದವು.

ಆಮೇಲೆ ವರ್ಕ್‌ಶಾಪಿನಲ್ಲಿ ಕೇಳಿಸಿದ್ದು ಬಣ್ಣದ ಡಬ್ಬಿಯೊಂದು ಉರುಳಿ ಉರುಳಿ ನಿಂತ ಸದ್ದು. ಸುತ್ತಿಗೆ ತನ್ನ ಅಂಗಿಯನ್ನು ಹರಿದು ಭಾವನ ಕೈಗೆ ಕಟ್ಟಿದನು. ಲಾರಿ ಚಕ್ರದ ಉಂಗುರದ ಕಥೆಯನ್ನು ತಾನು ಭಾವನಿಗೆ ಈವರೆಗೆ ಒಂದು ಸಲವೂ ಹೇಳಿರಲಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು. ಭಾವನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಯ ದಾರಿ ಹಿಡಿದನು.

"ಅವಳಿಗೆ ನಾನು ಮಷಿನ್ನಿಗೆ ಸಿಕ್ಕಿತು ಅಂತೀನಿ," ಎಂದನು ಬೆನ್ನ ಮೇಲಿದ್ದ ಕನ್ನಡಿ, ಒಡೆದ ತುಟಿಯಲ್ಲಿ. "ನೀನು ಬಾಯಿ ಮುಚ್ಕೊಂಡಿರು."

ಅಕ್ಕ ತಲೆಗೆ ಪಟ್ಟಿ ಸುತ್ತಿಸಿಕೊಂಡು, ಎಡಗೈ ಕೊರಳಿಗೆ ಕಟ್ಟಿಸಿಕೊಂಡು ದಿಂಬಿಗೆ ಒರಗಿದ್ದಳು. ಗಂಡನ ಕೈ ನೋಡಿದಳು.

"ಏನ್ರೀ ಇದು?"

"ಮಷಿನ್ನಿಗೆ ಸಿಕ್ಕಿತು."

ಅವಳ ಕಣ್ಣು ತಮ್ಮನ ಕೆನ್ನೆಯ ಗೀರಿಗೆ, ಅಲ್ಲಿಂದ ಅವನ ಗೆಣ್ಣಿನ ಮೇಲಿನ ನೆತ್ತರಿಗೆ ಇಳಿಯಿತು.

"ಆ ಮಷಿನ್ನಿನ ಹೆಸರು ಸುತ್ತಿಗೆನಾ?"

ಕನ್ನಡಿ ಕೈಯನ್ನು ಬೆನ್ನ ಹಿಂದೆ ಸರಿಸಿದನು.

"ಅಕ್ಕಾ, ತಪ್ಪು ಅವರದ್ದಲ್ಲ. ನಾನು ಫೋನಲ್ಲಿ—"

"ಯಾರನ್ನ ಕರೀತಿದ್ದೀಯ?"

"ಅಕ್ಕಾ..."

"ಇಲ್ಲಿ ಆ ಹೆಸರಿನವರು ಯಾರೂ ಇಲ್ಲ." ಅವಳು ಮುಖವನ್ನು ಗೋಡೆಯ ಕಡೆಗೆ ತಿರುಗಿಸಲು ಹೋದಳು, ಕೊರಳ ಎಲುಬು ಬಿಡಲಿಲ್ಲ. ಹಾಗಾಗಿ ಅವನನ್ನು ನೋಡುತ್ತಲೇ ಹೇಳಬೇಕಾಯಿತು. "ಗಾಡಿಗೆ ನಾನು ಓನರ್. ಹಾಗೇ ಕರಿ. ಹೊಸ ಚಕ್ರ ತಂದಿದ್ದೀಯಲ್ಲ, ಹೋಗಿ ಹಾಕು. ಈ ಸಲ ತಿರುಗಿಸಿ ನೋಡು."

"ಆಯ್ತು ಓನರಮ್ಮ," ಎಂದನು ಸುತ್ತಿಗೆ. ನಲವತ್ತನಾಲ್ಕು ವರ್ಷದ ಆ ದೇಹ ಬಾಗಿಲವರೆಗೆ ನಡೆದು ಹೋಗಿ, ಹೊರಗಿನ ಕಂಬಕ್ಕೆ ಹಣೆ ಚಚ್ಚಿಕೊಂಡಿತು. ದಾದಿ ಬಂದು ಗದರಿಸುವವರೆಗೂ ನಿಲ್ಲಿಸಲಿಲ್ಲ.

ಮುಂದೆ ಆದದ್ದು ಇಷ್ಟು. ೧೯೯೧ರ ಏಪ್ರಿಲ್ ಆರು, ಶನಿವಾರ, ಮುರಿದ ಬೋಲ್ಟುಗಳನ್ನು ಬದಲಿಸಿ, ಕಾರಿಗೆ ಹದಿನೈದಿಂಚಿನ ನಾಲ್ಕು ರಿಮ್ಮುಗಳನ್ನೂ ನೂರ ತೊಂಬತ್ತೈದರ ಟೈರುಗಳನ್ನೂ ಹಾಕಲಾಯಿತು. ಪುಟ್ಟಿಯ ಅಳತೆ ಎರಡೂ ಕಡೆ ನಾಲ್ಕು ಮಿಲಿಮೀಟರ್ ಬಂದಿತು. ನಜ್ಜಾದ ಮೂತಿಯನ್ನು ಕನ್ನಡಿ ಹೆಚ್ಚಾಗಿ ಎಡಗೈಯಲ್ಲೇ ತಟ್ಟಿ ಜುಲೈ ಕೊನೆಯ ವಾರದ ಹೊತ್ತಿಗೆ ನೇರ ಮಾಡಿದನು. ವೀಲ್ ಕಪ್ಪುಗಳ ಅಂಚು ಕತ್ತರಿಸಿ, ನಡುವಿನ ಭಾಗವನ್ನಷ್ಟೇ ಹೊಸ ರಿಮ್ಮಿಗೆ ಕೂರಿಸಿದನು. ಮುಗಿಸಿದ ಮೇಲೆ ಸುತ್ತಿಗೆಯನ್ನು ಕರೆದು, ತಿರುಗಿಸಿ ನೋಡು ಎಂದನು. ಪೊಲೀಸಿಗೆ ಯಾರೂ ದೂರು ಕೊಡಲಿಲ್ಲ. ಕನ್ನಡಿಯ ಎರಡು ಬೆರಳುಗಳು ಕೊನೆಯವರೆಗೂ ಮಡಚಲಿಲ್ಲ.

ಸುತ್ತಿಗೆ ಮುಂದಿನ ಹದಿಮೂರು ವರ್ಷ ಅದೇ ವರ್ಕ್‌ಶಾಪಿನಲ್ಲಿ ದುಡಿದನು. ಒಂದು ಸಲ, ೧೯೯೪ರಲ್ಲಿ, ಸಾಲವಸೂಲಿಗೆ ಬಂದವನೊಬ್ಬನನ್ನು ನೀರಿನ ತೊಟ್ಟಿಗೆ ಅದ್ದಿದ್ದನ್ನು ಬಿಟ್ಟರೆ ಯಾರ ಮೇಲೂ ಕೈ ಮಾಡಲಿಲ್ಲ. ಊಟಕ್ಕೆ ಅವನ ತಟ್ಟೆಯನ್ನು ಅವಳು ಎಂದಿನಂತೆ ಹಾಕುತ್ತಿದ್ದಳು; ಟೈರು ಬದಲಿಸಿದಾಗಲೆಲ್ಲ "ತಿರುಗಿತಾ?" ಎಂದು ಕೇಳುತ್ತಿದ್ದಳು, ಅವನು "ತಿರುಗಿತು ಓನರಮ್ಮ" ಎನ್ನುತ್ತಿದ್ದನು. ಅವಳು ೨೦೦೪ರ ಫೆಬ್ರವರಿ ಹನ್ನೊಂದು, ಬುಧವಾರ ಬೆಳಗಿನ ಜಾವ ತೀರಿಕೊಂಡಳು. ಆಡಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಂಡದ್ದನ್ನು ಕೇಳಿದವರು ಯಾರೂ ಇಲ್ಲ. ಕಾರು ಈಗಲೂ ಓಡುತ್ತಿದೆ. ಟೈರು ಮೂರು ಸಲ ಬದಲಾಗಿದೆ, ರಿಮ್ಮುಗಳು ಅವೇ.